ಗುಂಡುತೋಪಿನಿಂದ ಸಿ.ಎ. ನಿವೇಶನದವರೆಗೆ: ದಕ್ಷಿಣ ಬೆಂಗಳೂರಿನ ಬಡಾವಣೆಗಳ ಸಾಮುದಾಯಿಕ ನೆಲೆಗಳು

ದಕ್ಷಿಣ ಬೆಂಗಳೂರಿನ ಬಡಾವಣೆಗಳ ಚರಿತ್ರೆಯನ್ನು ನಿವೇಶನ ಹಂಚಿಕೆಯ ಚರಿತ್ರೆಯೆಂದೇ ನೋಡುವುದು ವಾಡಿಕೆ. ಹಂಚದೆ ಉಳಿಸಿದ ನೆಲದ ಕಥೆ ಅದಕ್ಕಿಂತ ಜಟಿಲವಾದುದು.

ಬಿ.ಟಿ.ಎಂ. ಎಂಬ ಮೂರಕ್ಷರಗಳಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಅಡಗಿವೆ. ಯಡಿಯೂರು, ಸಾರಕ್ಕಿಗಳ ನೆನಪನ್ನು ಅಲ್ಲಿನ ಕೆರೆಗಳು ಕಾಪಾಡಿಕೊಂಡಿವೆ. ಕೆರೆ, ಗೋಮಾಳ, ಗುಂಡುತೋಪು, ಅರಳಿಕಟ್ಟೆಗಳು ಹಳೆಯ ಮೈಸೂರು ಸೀಮೆಯ ಹಳ್ಳಿಗಳ ಸಾಮುದಾಯಿಕ ನೆಲೆಗಳಾಗಿದ್ದವು. ಇವನ್ನು ಸರ್ವರ ಸೊತ್ತೆಂದು ಬಣ್ಣಿಸುವ ರೂಢಿಯಿದೆಯಾದರೂ ಅದು ಅರ್ಧಸತ್ಯ. ಕಟ್ಟೆಯ ಮೇಲೆ ಯಾರು ಕೂರಬೇಕು, ಯಾವ ಬಾವಿಯಲ್ಲಿ ಯಾರು ನೀರು ಸೇದಬೇಕು ಎಂಬುದನ್ನು ಜಾತಿಯೇ ನಿರ್ಧರಿಸುತ್ತಿತ್ತು.

1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿಯಲ್ಲಿ ಅಗಲವಾದ ಬೀದಿ ಮತ್ತು ಉದ್ಯಾನಗಳು ಆರೋಗ್ಯದ ಕಾರಣಕ್ಕಾಗಿ ಕಾಣಿಸಿಕೊಂಡವು. 1945ರ ಕಾಯಿದೆಯ ಮೂಲಕ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪನೆಗೊಂಡಿತು. 1948ರಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಸ್ತಿಭಾರ ಹಾಕಿದರು. ಇಲ್ಲಿ ಸಾರ್ವಜನಿಕ ಸ್ಥಳವು ರೂಢಿಯಿಂದ ಬಂದುದಲ್ಲ, ನಕ್ಷೆಯಿಂದ ಬಂದುದು. ಬ್ಲಾಕುಗಳ ನಡುವೆ ಉದ್ಯಾನ, ಆಟದ ಬಯಲು, ಶಾಲೆ, ಅಂಗಡಿಸಾಲುಗಳಿಗೆ ಜಾಗ ಗುರುತಿಸಲಾಯಿತು. ನಾಲ್ಕನೇ ಬ್ಲಾಕಿನ ವಾಣಿಜ್ಯ ಸಂಕೀರ್ಣವು ತರಕಾರಿ, ದಿನಸಿ, ಸಿನಿಮಾ ಎಲ್ಲವನ್ನೂ ಒಂದೆಡೆ ತಂದು ಇಡೀ ದಕ್ಷಿಣಭಾಗದ ಪೇಟೆಯಾಯಿತು. ಅಲ್ಲಿದ್ದ ಪುಟ್ಟಣ್ಣ ಕಣಗಾಲ್ ಹೆಸರಿನ ಚಿತ್ರಮಂದಿರ ಇಂದು ಉಳಿದಿಲ್ಲ.

ನಕ್ಷೆಯ ಗೆರೆಗೆ ಕಾನೂನಿನ ಬಲ ಸಾಲದೆಂಬುದು ಬೇಗನೆ ಸ್ಪಷ್ಟವಾಯಿತು. ಇದೇ ಮಂಡಳಿಯು ನಗರದ ಉತ್ತರಕ್ಕೆ ನಿರ್ಮಿಸಿದ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿದ್ದ ಜಾಗವನ್ನು 1976ರಲ್ಲಿ ಸರ್ಕಾರದ ಆದೇಶದಂತೆ ಖಾಸಗಿ ಆಸ್ಪತ್ರೆಗೆ ನೀಡಲಾಯಿತು. ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ನಡುವಣ ಮೊಕದ್ದಮೆ ಎಂದು ಪ್ರಸಿದ್ಧವಾದ ಈ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಉದ್ಯಾನದ ಪರವಾಗಿ ತೀರ್ಪಿತ್ತಿತು. ಆಸ್ಪತ್ರೆಯೂ ಜನೋಪಯೋಗಿಯೇ ಅಲ್ಲವೆ ಎಂಬ ವಾದ ಅಲ್ಲಿ ನಿಲ್ಲಲಿಲ್ಲ. ಬಡಾವಣೆಯ ನಿವಾಸಿಗೆ ಅದರ ಬಯಲಿನ ಬಗ್ಗೆ ಪ್ರಶ್ನಿಸುವ ಹಕ್ಕಿದೆಯೆಂದು ಸ್ಥಾಪಿಸಿದ್ದು ಈ ತೀರ್ಪಿನ ದೊಡ್ಡ ಕೊಡುಗೆ.

ಅಷ್ಟರಲ್ಲಿ ಶಾಸನವೂ ಬದಲಾಗಿತ್ತು. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯಿದೆಗೆ ಅನಂತರ ಬಂದ ತಿದ್ದುಪಡಿಗಳು ಬಡಾವಣೆಯ ವಿಸ್ತೀರ್ಣದಲ್ಲಿ ಕನಿಷ್ಠ ಶೇ. 15ರಷ್ಟನ್ನು ಉದ್ಯಾನ ಮತ್ತು ಆಟದ ಮೈದಾನಕ್ಕೆ, ಶೇ. 10ರಷ್ಟನ್ನು ನಾಗರಿಕ ಸೌಲಭ್ಯಕ್ಕೆ ಮೀಸಲಿಡಬೇಕೆಂದವು. ಜನರ ಬಾಯಲ್ಲಿ ಇದೇ ‘ಸಿ.ಎ. ಸೈಟು’. ಹಾಲಿನ ಬೂತು, ನ್ಯಾಯಬೆಲೆ ಅಂಗಡಿ, ಹೆರಿಗೆ ಆಸ್ಪತ್ರೆ, ಗ್ರಂಥಾಲಯ, ವ್ಯಾಯಾಮಶಾಲೆ ಎಲ್ಲವೂ ಅದರ ವ್ಯಾಖ್ಯೆಯೊಳಗಿವೆ. ನೋಂದಾಯಿತ ಸಂಘಗಳ ಶೈಕ್ಷಣಿಕ, ಧಾರ್ಮಿಕ, ಸಾಂಸ್ಕೃತಿಕ ಕೇಂದ್ರಗಳೂ ಇವೆ. ಮೀಸಲಿಟ್ಟ ನೆಲವನ್ನು ಅನ್ಯ ಉದ್ದೇಶಕ್ಕೆ ವಿಲೇವಾರಿ ಮಾಡಿದರೆ ಅದು ಅಸಿಂಧು ಎನ್ನುತ್ತದೆ 38-ಎ ಪ್ರಕರಣ.

ಗಮನಿಸಬೇಕಾದ ಅಂಶ ಇಲ್ಲಿಯೇ ಇದೆ. ನೆಲ ಯಾವುದಕ್ಕೆ ಬಳಕೆಯಾಗಬೇಕೆಂಬುದನ್ನು ಶಾಸನ ಬಿಗಿಯಾಗಿ ಹೇಳಿತು. ಯಾರು ಬಳಸಬೇಕೆಂಬುದನ್ನು ಅಷ್ಟು ಬಿಗಿಯಾಗಿ ಹೇಳಲಿಲ್ಲ. 1989ರ ನಿಯಮಗಳನ್ವಯ 30 ವರ್ಷಗಳ ಗುತ್ತಿಗೆಗೆ ಪಡೆದ ನಿವೇಶನದಲ್ಲಿ ಸಂಘವೊಂದು ಶಾಲೆಯನ್ನೋ ಸಭಾಭವನವನ್ನೋ ಕಟ್ಟಿದಾಗ, ಉದ್ದೇಶ ಈಡೇರಿದರೂ ಬಾಗಿಲು ತೆರೆಯುವುದು ಶುಲ್ಕಕ್ಕೆ, ಬಾಡಿಗೆಗೆ, ಸದಸ್ಯತ್ವಕ್ಕೆ. ಶಾಲಿನಿ ಮೈದಾನದಂತಹ ಬಯಲಿಗೂ ಸಭಾಭವನಕ್ಕೂ ಇರುವ ಅಂತರ ಇದು. ಜಾತಿಯ ಕಟ್ಟೆಯನ್ನು ದಾಟಿ ಬಂದ ಬಡಾವಣೆ ಹಣದ ಕಟ್ಟೆಯನ್ನು ಕಟ್ಟಿಕೊಂಡಿತೆನ್ನಲು ಅಡ್ಡಿಯಿಲ್ಲ.

ಬಯಲುಗಳೂ ಪೂರ್ಣ ಸುರಕ್ಷಿತವಾಗಿ ಉಳಿಯಲಿಲ್ಲ. ಜಯನಗರದ ಲಕ್ಷ್ಮಣರಾವ್ ಉದ್ಯಾನದ ಅಂಚಿನ ಮರಗಳು ಮೆಟ್ರೊ ಮಾರ್ಗಕ್ಕಾಗಿ 2009ರಲ್ಲಿ ಉರುಳಿದಾಗ ನಾಗರಿಕರು ಬೀದಿಗಿಳಿದರು. 2017ರ ಜೂನ್‌ನಲ್ಲಿ ರೈಲು ಓಡಿತು. ಅಲ್ಲಿ ಎದುರುಬದುರಾಗಿದ್ದುದು ಎರಡು ಸಾರ್ವಜನಿಕ ಹಿತಗಳು.

ಜೆ.ಪಿ. ನಗರ, ಬನಶಂಕರಿಗಳಲ್ಲಿ ಬೆಳೆದ ವಸತಿ ಸಮುಚ್ಚಯಗಳ ಆಟದಂಗಳ, ಈಜುಕೊಳ, ಸಭಾಂಗಣಗಳ ಸ್ಥಿತಿ ಬೇರೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯಡಿ ಘೋಷಿತವಾದ ಸಮುಚ್ಚಯದ ಸಾಮಾನ್ಯ ಪ್ರದೇಶವು ಫ್ಲ್ಯಾಟಿನ ಮಾಲೀಕರ ಅವಿಭಜಿತ ಪಾಲಾಗಿರುತ್ತದೆ. ಆ ಪಾಲು ಕ್ರಯಪತ್ರದೊಡನೆಯೇ ಕೈ ಬದಲಿಸುತ್ತದೆ. ಗೇಟಿನ ಹೊರಗಿನ ಬೀದಿಯವರ ಹೆಸರು ಅದರಲ್ಲಿಲ್ಲ.