ದಿಮ್ಮಿ, ತೋಟ ಮತ್ತು ಕ್ಯಾಮೆರಾ ಹಿಡಿದ ಕೈ

ನಮ್ಮಂಥ ಸಾಫ್ಟ್‌ವೇರ್ ಮಂದಿಗೆ 'ಲಾಗ್' ಅಂದರೆ ಸರ್ವರ್ ಬರೆದಿಡುವ ದಾಖಲೆ. ಆದರೆ ಆ ಪದದ ಬೇರು ಮರದ ತುಂಡಿನಲ್ಲಿದೆ! ಹಿಂದೆ ಹಡಗಿನ ವೇಗ ಅಳೆಯಲು ಹಗ್ಗ ಕಟ್ಟಿದ ಮರದ ತುಂಡನ್ನು ನೀರಿಗೆ ಎಸೆಯುತ್ತಿದ್ದರು. ಆ ಲೆಕ್ಕ ಬರೆಯುವ ಪುಸ್ತಕಕ್ಕೂ ಅದೇ ಹೆಸರು ಅಂಟಿಕೊಂಡಿತು.

ಮರ ಕಡಿಯುವ ಕೆಲಸವನ್ನೇ ದಾಖಲಿಸಿದ ಚಿತ್ರವೊಂದಿದೆ, 'ಫ್ರಮ್ ಸ್ಟಂಪ್ ಟು ಶಿಪ್'. 1930ರಲ್ಲಿ ಅಮೆರಿಕದ ಮೇನ್ ರಾಜ್ಯದ ಮಚಾಯಸ್ ಊರಿನ ನಾಟಾ ಕಂಪನಿಯ ಮುಖ್ಯಸ್ಥ ಆಲ್ಫ್ರೆಡ್ ಏಮ್ಸ್ 16 ಮಿ.ಮೀ. ಫಿಲಂನಲ್ಲಿ ಮಾಡಿದ ಮೂಕಿಚಿತ್ರ ಇದು. ಚಳಿಗಾಲದಲ್ಲಿ ಗರಗಸದಿಂದ ಮರ ಉರುಳಿಸುವುದು, ಕುದುರೆಗಳು ಹಿಮದ ಮೇಲೆ ದಿಮ್ಮಿ ಎಳೆಯುವುದು, ಹಿಮ ಕರಗಿ ಹೊಳೆ ತುಂಬಿದಾಗ ತೇಲಿಬಿಡುವುದು, ಮಿಲ್ಲಿನಲ್ಲಿ ಕೊಯ್ದು ಹಾಯಿಹಡಗಿಗೆ ತುಂಬುವುದು... ಎಲ್ಲ ಇದೆ. ಮೇನ್‌ನ ಹೊಳೆಗಳಲ್ಲಿ ದಿಮ್ಮಿ ತೇಲಿಸುವುದು 1976ಕ್ಕೆ ನಿಂತುಹೋಯಿತು. 1985ರಲ್ಲಿ ಮೇನ್ ವಿಶ್ವವಿದ್ಯಾಲಯದವರು ಈ ಚಿತ್ರಕ್ಕೆ ಮರುಜೀವ ಕೊಟ್ಟು, ಏಮ್ಸ್ ಬರೆದಿಟ್ಟಿದ್ದ ವಿವರಣೆಗೆ ದನಿ ಸೇರಿಸಿದರು. 2002ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೂ ಸೇರಿತು.

ಆದರೆ ಗಮನಿಸಿ: ಬೆವರು ಕೂಲಿಯವರದು, ಮಾತು ಮಾತ್ರ ಯಜಮಾನನದು.

ಇದರ ಪಕ್ಕದಲ್ಲಿ ಸ್ಕಾಟ್ ಹ್ಯಾಮಿಲ್ಟನ್ ಕೆನಡಿಯ 'ದಿ ಗಾರ್ಡನ್' (2008) ಇಟ್ಟು ನೋಡಿ. 1992ರ ಗಲಭೆಯ ನಂತರ ಲಾಸ್ ಏಂಜಲೀಸ್ ನಗರದ ಮಧ್ಯೆ 14 ಎಕರೆಯಲ್ಲಿ ಸುಮಾರು 350 ಬಡ ಕುಟುಂಬಗಳು, ಹೆಚ್ಚಿನವರು ಲ್ಯಾಟಿನ್ ಅಮೆರಿಕದ ಮೂಲದವರು, ಜೋಳ, ತರಕಾರಿ, ಹಣ್ಣು ಬೆಳೆದರು. 2003ರಲ್ಲಿ ನಗರಾಡಳಿತ ಆ ಜಾಗವನ್ನು ಹಳೆಯ ಮಾಲೀಕನಿಗೇ ಮಾರಿತು. 2006ರ ಜೂನ್‌ನಲ್ಲಿ ಬುಲ್ಡೋಜರ್ ಬಂತು. ತೋಟ ಉಳಿಯಲಿಲ್ಲ, ಆಸ್ಕರ್‌ಗೆ ನಾಮಕರಣಗೊಂಡ ಚಿತ್ರ ಉಳಿಯಿತು. ಇಲ್ಲಿ ಕ್ಯಾಮೆರಾ ತೋಟದವರ ಜೊತೆ ನಿಂತಿದೆ. ಅವರೇ ಮಾತಾಡುತ್ತಾರೆ, ಬಯ್ಯುತ್ತಾರೆ, ತಮ್ಮತಮ್ಮಲ್ಲೇ ಜಗಳವನ್ನೂ ಆಡುತ್ತಾರೆ.

ಕ್ಯಾಮೆರಾ ಯಾವುದನ್ನೂ ಉಳಿಸಿಕೊಡುವುದಿಲ್ಲ. ಆದರೆ ಕಳೆದುಹೋದದ್ದರ ಕತೆ ಯಾರ ಬಾಯಲ್ಲಿ ಉಳಿಯಬೇಕು ಅನ್ನುವುದನ್ನು ಅದನ್ನು ಹಿಡಿದ ಕೈ ತೀರ್ಮಾನಿಸುತ್ತದೆ.

ನಮ್ಮ ಮಲೆನಾಡಿನ ಕೂಪುಗಳಲ್ಲಿ ಎಷ್ಟು ಮರ ಬಿತ್ತು ಅನ್ನುವುದನ್ನು ಇಲಾಖೆ ಬರೆದಿಟ್ಟುಕೊಳ್ಳುತ್ತಿತ್ತು. ಬೀಳಿಸಿದವರ ಮಾತು ಎಲ್ಲಿದೆ? ನಾವು ಆನೆ ನೋಡಲು ಹೋಗುವ ದುಬಾರೆಯಲ್ಲಿ ಒಂದು ಕಾಲಕ್ಕೆ ಆ ಆನೆಗಳಿಂದಲೇ ದಿಮ್ಮಿ ಎಳೆಸುತ್ತಿದ್ದರು. ಆ ಕೆಲಸ ಬಲ್ಲ ಹಿರಿಯರು ನಿಮ್ಮೂರಲ್ಲಿದ್ದರೆ ಒಮ್ಮೆ ಹೋಗಿ ಕೂತು ಕೇಳಿ. ಜೇಬಿನಲ್ಲಿ ಕ್ಯಾಮೆರಾ ಹೇಗೂ ಇದೆಯಲ್ಲ. ಮಾತು ಮಾತ್ರ ಅವರದೇ ಇರಲಿ.