ಕನ್ನಡ ನುಡಿದ ಮೊದಲ ಬೆಳ್ಳಿತೆರೆ

ಉಗಾರ ಬುದ್ರುಕದ ಬಳಿ ಹರಿಯುವ ಕೃಷ್ಣೆಯಲ್ಲಿ ಕೊಲ್ಹಾಪುರದ ಪಂಚಗಂಗೆಯ ನೀರೂ ಕೂಡಿದೆ. ತೆರೆಕಂಡ ಮೊಟ್ಟಮೊದಲ ಕನ್ನಡ ವಾಕ್ಚಿತ್ರವು ಸಿದ್ಧವಾದದ್ದು ಅದೇ ಕೊಲ್ಹಾಪುರದಲ್ಲಿ ಎಂಬುದು ತಮ್ಮಲ್ಲಿ ಎಷ್ಟು ಜನರಿಗೆ ತಿಳಿದಿದೆ?

ಬೆಂಗಳೂರಿನ ವ್ಯಾಪಾರಿ ಚಮನ್‌ಲಾಲ್ ಡೂಂಗಾಜಿಯವರು ‘ಸತಿ ಸುಲೋಚನಾ’ ಚಿತ್ರವನ್ನು ನಿರ್ಮಿಸಲು ಹೊರಟಾಗ ಆ ನಗರದಲ್ಲಿ ಮಾತಿನ ಚಿತ್ರಕ್ಕೆ ತಕ್ಕ ಸ್ಟುಡಿಯೊ ಇರಲಿಲ್ಲ. ಆದುದರಿಂದ ನಿರ್ದೇಶಕ ವೈ. ವಿ. ರಾವ್, ಆರ್. ನಾಗೇಂದ್ರರಾವ್, ಸುಬ್ಬಯ್ಯನಾಯ್ಡು, ತ್ರಿಪುರಾಂಬಾ ಮೊದಲಾದವರು ಕೊಲ್ಹಾಪುರದ ಛತ್ರಪತಿ ಸ್ಟುಡಿಯೊಗೆ ಬಂದು ಸುಮಾರು ಎರಡು ತಿಂಗಳು ದುಡಿದರು. ತಗುಲಿದ ವೆಚ್ಚ ಸುಮಾರು 40,000 ರೂಪಾಯಿ.

1934ರ ಮಾರ್ಚ್ 3ರಂದು ಬೆಂಗಳೂರು ಸಿಟಿ ಮಾರುಕಟ್ಟೆಯ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಅದು ಬಿಡುಗಡೆಯಾಯಿತು. ಹಿಂದೆ ದೊಡ್ಡಣ್ಣ ಹಾಲ್ ಎಂದು ಹೆಸರಾಗಿ ನಾಟಕಗಳಿಗೆ ಆಸರೆಯಾಗಿದ್ದ ಕಟ್ಟಡವದು. ಅಂದು ಅಲ್ಲಿ ನೆರೆದ ಪ್ರೇಕ್ಷಕರು ತೆರೆಯ ಮೇಲಿನ ಬಾಯಿಂದ ಮೊದಲ ಬಾರಿಗೆ ತಾಯ್ನುಡಿಯನ್ನು ಕೇಳಿದರು. ಚಿತ್ರವು ಆರು ವಾರ ಪ್ರದರ್ಶನ ಕಂಡಿತು.

ಇಂದು ಆ ಪ್ಯಾರಾಮೌಂಟ್ ಇಲ್ಲ. ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಮಾರ್ಚ್ 3ನ್ನು ಕನ್ನಡ ಚಲನಚಿತ್ರ ದಿನವೆಂದು ಸ್ಮರಿಸುವ ನಮ್ಮ ಪಾಲಿಗೆ ಉಳಿದದ್ದು ಆ ದಿನಾಂಕ ಮಾತ್ರ. ಕಟ್ಟಿದವರ ಶ್ರಮವನ್ನು ಕಾಯದಿರುವುದೂ ಒಂದು ಬಗೆಯ ಮರೆವಲ್ಲವೆ? ತಮ್ಮೂರಿನ ಹಳೆಯ ಟಾಕೀಜಿನ ಛಾಯಾಚಿತ್ರವಾಗಲಿ, ಕರಪತ್ರವಾಗಲಿ ಮನೆಯಲ್ಲಿದ್ದರೆ ದಯಮಾಡಿ ಜೋಪಾನ ಮಾಡಿರಿ, ಮಕ್ಕಳಿಗೆ ತೋರಿಸಿರಿ.