ಒಬ್ಬರು ಬಿಗಿ, ಇನ್ನೊಬ್ಬರು ಸಡಿಲ: ಮಗುವಿನ ವರ್ತನೆ ಮೇಲೆ ತಂದೆ-ತಾಯಿಯ ಒಟ್ಟು ಪ್ರಭಾವವೇನು?

ಮಗು ಮೊಬೈಲ್ ಬೇಕೆಂದು ಹಟ ಹಿಡಿಯುತ್ತದೆ. ಇವತ್ತಿನ ಸಮಯ ಮುಗಿಯಿತು ಎನ್ನುತ್ತಾರೆ ಅಮ್ಮ. ಮಗು ಕಿರುಚಾಡಿ ಶಾಲೆಯ ಚೀಲ ಎಸೆಯುತ್ತದೆ. ಆಗಷ್ಟೇ ಕೆಲಸದಿಂದ ಬಂದ ಅಪ್ಪ, ಹತ್ತು ನಿಮಿಷ ಕೊಟ್ಟರೆ ಏನಾಗುತ್ತದೆ ಎಂದು ಮೊಬೈಲ್ ಕೊಟ್ಟುಬಿಡುತ್ತಾರೆ. ಕೆಲವು ಮನೆಗಳಲ್ಲಿ ಇದು ಉಲ್ಟಾ: ಅಪ್ಪ ಗದರುತ್ತಾರೆ, ಅಮ್ಮ ಗುಟ್ಟಾಗಿ ಕೊಡುತ್ತಾರೆ. ಆಮೇಲೆ ತಪ್ಪು ಯಾರದು ಎಂಬ ವಾದ ಶುರುವಾಗುತ್ತದೆ. ಆದರೆ ಮಗು ಕಲಿಯುವುದು ಒಬ್ಬರಿಂದಲ್ಲ, ಇಬ್ಬರ ನಡೆಯೂ ಸೇರಿ ಆಗುವ ಪಾಠದಿಂದ.

ಪಾಲನೆಯ ನಾಲ್ಕು ರೀತಿಗಳು

ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್ರಿಂಡ್ 1960ರ ದಶಕದಲ್ಲಿ ಪಾಲನೆಯ ಮೂರು ರೀತಿಗಳನ್ನು ಗುರುತಿಸಿದರು. 1983ರಲ್ಲಿ ಎಲಿನಾರ್ ಮ್ಯಾಕೋಬಿ ಮತ್ತು ಜಾನ್ ಮಾರ್ಟಿನ್ ಅದನ್ನು ನಾಲ್ಕಕ್ಕೆ ವಿಸ್ತರಿಸಿದರು.

- ಪ್ರೀತಿಯೂ ನಿಯಮವೂ ಇರುವ ಪಾಲನೆ: ಮಗುವಿನ ಮಾತು ಕೇಳುತ್ತಾರೆ, ಆದರೆ ಹಾಕಿದ ಗೆರೆ ದಾಟಲು ಬಿಡುವುದಿಲ್ಲ.
- ಕಠಿಣ ಪಾಲನೆ: ನಿಯಮ ಹೆಚ್ಚು, ಆಪ್ತತೆ ಕಡಿಮೆ.
- ಸಡಿಲ ಪಾಲನೆ: ಪ್ರೀತಿ ಧಾರಾಳ, ನಿಯಮ ಇಲ್ಲವೇ ಇಲ್ಲ ಎನ್ನುವಷ್ಟು.
- ನಿರ್ಲಕ್ಷ್ಯದ ಪಾಲನೆ: ಎರಡೂ ಕಡಿಮೆ.

ಇಬ್ಬರೂ ಸೇರಿದಾಗ ಏನಾಗುತ್ತದೆ?

ಇಬ್ಬರೂ ಮೊದಲ ರೀತಿಯವರಾದರೆ ಮಕ್ಕಳಲ್ಲಿ ವರ್ತನೆಯ ಸಮಸ್ಯೆಗಳು ಸಾಮಾನ್ಯವಾಗಿ ಕಡಿಮೆ. ಇಬ್ಬರೂ ಕಠಿಣ ಅಥವಾ ನಿರ್ಲಕ್ಷ್ಯದವರಾದರೆ ಹೊಡೆದಾಟ, ಸುಳ್ಳು, ಎದುರುತ್ತರದ ಜೊತೆಗೆ ಒಳಗೊಳಗಿನ ಭಯ ಮತ್ತು ಬೇಸರದ ಸಾಧ್ಯತೆಯೂ ಹೆಚ್ಚುತ್ತದೆ.

ಒಬ್ಬರು ಬಿಗಿ, ಇನ್ನೊಬ್ಬರು ಸಡಿಲವಾದರೆ ಲೆಕ್ಕ ಸರಿಹೋಗುತ್ತದೆ ಎಂದು ಹಲವರು ನಂಬುತ್ತಾರೆ. ಹಾಗಾಗುವುದಿಲ್ಲ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ. ಯಾರ ಬಳಿ ಏನು ನಡೆಯುತ್ತದೆ ಎಂಬುದನ್ನು ಮಗು ಕಲಿಯುತ್ತದೆಯೇ ಹೊರತು ನಿಯಮವನ್ನಲ್ಲ. ಸಡಿಲ ಬಿಟ್ಟಷ್ಟೂ ಇನ್ನೊಬ್ಬರು ಇನ್ನಷ್ಟು ಬಿಗಿಯಾಗುತ್ತಾರೆ, ಮನೆಯಲ್ಲಿ ಜಗಳ ಬೆಳೆಯುತ್ತದೆ. ಕೊನೆಗೆ ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗುತ್ತದೆ.

ಹಾಗೆಂದು ನಿರಾಶರಾಗಬೇಕಿಲ್ಲ. ಅಮೆರಿಕದ ಹದಿಹರೆಯದವರ ಮೇಲಿನ ಅಧ್ಯಯನಗಳಲ್ಲಿ, ಪ್ರೀತಿಯೂ ನಿಯಮವೂ ಇರುವ ಒಬ್ಬ ಪೋಷಕರಾದರೂ ಇದ್ದರೆ ಮಗುವಿಗೆ ಸಾಕಷ್ಟು ರಕ್ಷಣೆ ಸಿಗುತ್ತದೆ ಎಂದು ಕಂಡುಬಂದಿದೆ. ಒಂಟಿಯಾಗಿ ಮಕ್ಕಳನ್ನು ಬೆಳೆಸುತ್ತಿರುವವರಿಗೂ, ಸಂಗಾತಿ ಬದಲಾಗುತ್ತಿಲ್ಲ ಎಂದು ಸೋತವರಿಗೂ ಇದು ಧೈರ್ಯದ ಮಾತು.

ಹಟ ಬೆಳೆಯುವುದು ಹೇಗೆ?

ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ಒರೆಗಾನ್‌ನಲ್ಲಿ ಕುಟುಂಬಗಳನ್ನು ಗಮನಿಸಿ ಇದನ್ನು ವಿವರಿಸಿದರು. ಮಗು ಕಿರುಚುತ್ತದೆ, ದೊಡ್ಡವರು ಸೋಲುತ್ತಾರೆ, ಕಿರುಚಾಟ ನಿಲ್ಲುತ್ತದೆ. ಕಿರುಚಿದರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ. ಕೊಟ್ಟರೆ ನೆಮ್ಮದಿ ಎಂದು ದೊಡ್ಡವರೂ ಕಲಿಯುತ್ತಾರೆ. ಯಾವಾಗಲೋ ಒಮ್ಮೆ ಸಿಕ್ಕರೂ ಸಾಕು, ಹಟ ಇನ್ನಷ್ಟು ಗಟ್ಟಿಯಾಗುತ್ತದೆ.

ಎಲ್ಲಕ್ಕೂ ಪೋಷಕರೇ ಕಾರಣ ಎಂದಲ್ಲ. ಹುಟ್ಟಿನಿಂದಲೇ ಚುರುಕು ಸಿಟ್ಟಿನ ಮಗು, ಅಥವಾ ಎಡಿಎಚ್‌ಡಿ ಇರುವ ಮಗು, ಎಂಥವರ ತಾಳ್ಮೆಯನ್ನೂ ಪರೀಕ್ಷಿಸುತ್ತದೆ. ಪ್ರಭಾವ ಎರಡೂ ಕಡೆಯಿಂದ ಇರುತ್ತದೆ.

ಮನೆಯಲ್ಲಿ ಏನು ಮಾಡಬಹುದು?

- ಊಟ, ನಿದ್ದೆ, ಮೊಬೈಲ್, ಹೊಡೆಯಬಾರದು ಎಂಬಂಥ ಮೂರು-ನಾಲ್ಕು ನಿಯಮಗಳಲ್ಲಷ್ಟೇ ಒಮ್ಮತಕ್ಕೆ ಬನ್ನಿ. ಉಳಿದ ವಿಷಯಗಳಲ್ಲಿ ಭಿನ್ನವಾಗಿರಬಹುದು.
- ಅಜ್ಜ-ಅಜ್ಜಿ ಜೊತೆಗಿದ್ದರೆ ಅವರಿಗೂ ಈ ನಿಯಮ ತಿಳಿಸಿ.
- ಸಂಗಾತಿಯ ಮಾತನ್ನು ಮಗುವಿನ ಎದುರು ಅಳಿಸಿಹಾಕಬೇಡಿ. ಭಿನ್ನಾಭಿಪ್ರಾಯವನ್ನು ಮಗು ಮಲಗಿದ ಮೇಲೆ ಮಾತಾಡಿ.
- ಒಳ್ಳೆಯ ನಡತೆ ಕಂಡ ತಕ್ಷಣ ಏನು ಇಷ್ಟವಾಯಿತು ಎಂದು ಸ್ಪಷ್ಟವಾಗಿ ಹೇಳಿ.
- ನಿಯಮ ಗಟ್ಟಿಯಾದ ಮೊದಲ ದಿನಗಳಲ್ಲಿ ಹಟ ಹೆಚ್ಚಬಹುದು. ಆಗ ಸೋಲಬೇಡಿ, ಕೂಗಲೂಬೇಡಿ.

ಒಂದು ಎಚ್ಚರಿಕೆ: ಒಬ್ಬರು ಮಗುವನ್ನು ಹೊಡೆಯುತ್ತಿದ್ದರೆ ಅದಕ್ಕೆ ಜೊತೆಯಾಗುವುದು ಒಮ್ಮತವಲ್ಲ. ಆಗ ಮಗುವಿನ ಸುರಕ್ಷತೆಯೇ ಮೊದಲು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಯಾವಾಗ ತಜ್ಞರನ್ನು ಕಾಣಬೇಕು?

ಸಮಸ್ಯೆ ಮನೆಯಲ್ಲೂ ಶಾಲೆಯಲ್ಲೂ ಕಂಡರೆ, ತಿಂಗಳುಗಟ್ಟಲೆ ಮುಂದುವರಿದರೆ, ಮಗು ತನಗೋ ಬೇರೆಯವರಿಗೋ ನೋವು ಮಾಡಿಕೊಂಡರೆ, ಅಥವಾ ಇದ್ದಕ್ಕಿದ್ದಂತೆ ಮಂಕಾದರೆ ಮಕ್ಕಳ ವೈದ್ಯರನ್ನೋ ಮನೋವೈದ್ಯರನ್ನೋ ಕಾಣಿ. ಸಾಧ್ಯವಾದರೆ ತಂದೆ-ತಾಯಿ ಇಬ್ಬರೂ ಹೋಗಿ. ಒಬ್ಬರೇ ಹೋದರೆ ಮನೆಯ ಅರ್ಧ ಚಿತ್ರವಷ್ಟೇ ತಜ್ಞರಿಗೆ ಸಿಗುತ್ತದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಲಭ್ಯ. ಭಾಷೆಯ ಆಯ್ಕೆಯಲ್ಲಿ ಕನ್ನಡವೂ ಇದೆ.